ರಾಮದುರ್ಗದಲ್ಲಿದ್ದ ನನ್ನ ಮುಖ

‘ನಾನು ಯಾರು?’ ಎಂಬುದು ಈ ದೇಶದ ಅತ್ಯಂತ ಹಳೆಯ ಪ್ರಶ್ನೆ. ಮಹಾ ಮಹಾ ತಪಸ್ವಿಗಳು ಇದರ ಉತ್ತರಕ್ಕಾಗಿ ಗುಹೆ ಹೊಕ್ಕು, ಗಡ್ಡ ಬಿಟ್ಟು, ಅನ್ನ ನೀರು ತೊರೆದು ಕೂತರಂತೆ. ನನಗೆ ಇದೇ ಪ್ರಶ್ನೆಯನ್ನು ಒಬ್ಬ ಮಹಿಳಾ ಪೊಲೀಸ್ ಫೌಜದಾರರು ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಲ್ಲಿ, ನಾನು ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಕೇಳಿದರು. ಉತ್ತರಕ್ಕೆ ಅರ್ಧ ನಿಮಿಷ ಕೊಟ್ಟರು. ಹಿಂದೆ ಸರತಿಯಲ್ಲಿದ್ದವರು ಆಗಲೇ ಕೆಮ್ಮತೊಡಗಿದ್ದರು.

ಚಪ್ಪಲಿ ಬಿಡಿರೆಂದು ಯಾರೂ ಹೇಳಿರಲಿಲ್ಲ ಬಿಡಿ. ಅಷ್ಟು ನುಣುಪಾದ ನೆಲ ಕಂಡರೆ ನಮ್ಮ ಕಡೆಯವರ ಕಾಲು ತಾನಾಗಿಯೇ ಚಪ್ಪಲಿಯಿಂದ ಹೊರಗೆ ಬರುತ್ತದೆ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಲಾಡಿ. ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ಬ್ಯಾಂಕಿನ ಒಬ್ಬ ಹುಡುಗಿ ಬಂದು ನಿಂತಳು. ಕೊರಳಲ್ಲಿ ನೀಲಿ ಲಾಡಿ, ಲಾಡಿಯ ತುದಿಗೆ ಕಾರ್ಡು, ಕಾರ್ಡಿನ ಮೇಲೆ ಫೋಟೋ. ನಾನು ಫೋಟೋ ನೋಡಿದೆ, ಅವಳ ಮುಖ ನೋಡಿದೆ, ಮತ್ತೆ ಫೋಟೋ ನೋಡಿದೆ. ಅವಳು ಹುಬ್ಬು ಗಂಟಿಕ್ಕಿ ಬದನೆಕಾಯಿ ಅಲ್ಲೇ ಬಿಟ್ಟು ಮುಂದಿನ ಅಂಗಡಿಗೆ ನಡೆದಳು. ಈ ವಯಸ್ಸಿನಲ್ಲಿ ನನ್ನ ಮೇಲೆ ಅಂಥ ಸಂಶಯ ಬಂತಲ್ಲ ಎಂದು ಖುಷಿಪಡಬೇಕೋ ಏನೋ. ಆದರೆ ನಾನು ನೋಡಿದ್ದು ಇಷ್ಟೇ: ಫೋಟೋದಲ್ಲಿರುವವಳು ಇವಳೇ ಹೌದೋ ಅಲ್ಲವೋ. ನೀವು ನಗಬಹುದು. ನಾನು ಕೆಲಸ ಮಾಡಿದ ಕಡೆ ಹಾಗೆ ಇರುವುದೇ ಅಪರೂಪವಾಗಿತ್ತು.

ಬಿಲ್ಲೆಯ ಜತೆ ನಮ್ಮ ಮನೆತನದ ನಂಟು ಹಳೆಯದು. ನಮ್ಮಪ್ಪ ಇದೇ ಪೇಟೆಯಲ್ಲಿ ತೂಕ ಮಾಡುವವರು. ಅವರ ಅಂಗಿಯ ಮೇಲೆ ಅಂಗೈ ಅಗಲದ ಹಿತ್ತಾಳೆ ಬಿಲ್ಲೆ, ಅದರ ಮೇಲೆ ಏಳು ಎಂಬ ಅಂಕಿ. ಸಂತೆಯ ಹಿಂದಿನ ಸಂಜೆ ಅವ್ವ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಳು. ದೇವರ ಗಿಂಡಿಯ ಪಾಳಿ ಆಮೇಲೆ. ತಿಕ್ಕಿ ಉಳಿದ ಹುಣಸೆಹಣ್ಣನ್ನು ನಾನು ಬೂದಿಸಮೇತ ನೆಕ್ಕುತ್ತಿದ್ದೆ, ಆ ರುಚಿ ಇವತ್ತಿಗೂ ಯಾವ ಚಟ್ನಿಗೂ ಬಂದಿಲ್ಲ. ಅಪ್ಪನಿಗೆ ಜ್ವರ ಬಂದ ದಿನ ಕಾಕಾ ಆ ಬಿಲ್ಲೆ ಚುಚ್ಚಿಕೊಂಡು ಹೋಗುತ್ತಿದ್ದ. ಅಡತಿ ಅಂಗಡಿಯವರು ‘ಏಳನೇ ನಂಬರ, ಬಾರೋ ಇಲ್ಲೆ’ ಎಂದು ಕರೆಯುತ್ತಿದ್ದರು, ಕಾಕಾ ‘ಬಂದ್ನಿರೀ’ ಎನ್ನುತ್ತಿದ್ದ. ಜೋಳ ತೂಗುತ್ತಿತ್ತು, ಚೀಲ ಏರುತ್ತಿತ್ತು. ಏಳನೇ ನಂಬರಿಗೆ ನಿನ್ನೆ ಮೀಸೆ ಇತ್ತು, ಇವತ್ತು ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಸಾಲಿಯಲ್ಲಿ ಮಾಸ್ತರು ‘ಯಾರ ಮಗಾ ಅಲೇ ನೀ?’ ಎಂದರೆ ನಾನು ಎದೆ ಉಬ್ಬಿಸಿ ‘ಏಳನೇ ನಂಬರಿನವ್ರ ಮಗಾರೀ’ ಎನ್ನುತ್ತಿದ್ದೆ. ಬಿಲ್ಲೆ ಎಂದರೆ ಜಾಗಕ್ಕೆ ಸೇರಿದ್ದು, ಮನುಷ್ಯ ಅದರ ಹಿಂದೆ ಬಂದು ಹೋಗುವವನು. ಈ ತತ್ವವನ್ನು ನಾನು ಹಾಲಿನ ಜತೆ ಕುಡಿದು ಬೆಳೆದವನು.

ಮುಂದೆ ನಾನು ಸೇರಿದ್ದು ಬೀಜ, ಗೊಬ್ಬರ ಮಾರುವ ಒಂದು ಸಹಕಾರಿ ಸಂಘಕ್ಕೆ. ಅದರ ಹೆಸರು ಬೇಡ, ಈಗ ಅದೂ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಲ್ಲಿ ಅದರ ಡಿಪೋಗಳು. ಡಿಪೋಕ್ಕೊಬ್ಬ ಮ್ಯಾನೇಜರು, ಮ್ಯಾನೇಜರಿಗೊಂದು ಹಿತ್ತಾಳೆ ಬಿಲ್ಲೆ. ವರ್ಗಾವಣೆಯಾದರೆ ಬೀಗದ ಕೈ, ತೂಕದ ಕಲ್ಲು, ಕಾಲು ಮುರಿದ ಕುರ್ಚಿ ಇವುಗಳ ಜತೆ ಬಿಲ್ಲೆಯನ್ನೂ ಬಂದವನಿಗೆ ಒಪ್ಪಿಸಿ ಹೋಗುವುದು. ಇದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಾರೆ. ಚಾರ್ಜ್ ಕೊಡದೆ ಹೋದ ಮ್ಯಾನೇಜರಿಗೆ ಈ ಲೋಕದಲ್ಲೂ ಪರಲೋಕದಲ್ಲೂ ಪಗಾರವಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೇಲಿನಿಂದ ಒಂದು ಆದೇಶ ಬಂತು. ಹಿತ್ತಾಳೆ ಬಿಲ್ಲೆ ಹಳೆಯದಾಯಿತು, ಇನ್ನು ಮುಂದೆ ಫೋಟೋ ಇರುವ ಕಾರ್ಡೇ ಆಗಬೇಕು. ಸಂಘದ ಅಧ್ಯಕ್ಷರು ನಾಲ್ವರು ಮ್ಯಾನೇಜರರನ್ನೂ ಬೈಲಹೊಂಗಲದ ಒಂದು ಸ್ಟುಡಿಯೋಕ್ಕೆ ಕರೆಸಿದರು. ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಅದನ್ನೇ ಒಬ್ಬರಾದ ಮೇಲೆ ಒಬ್ಬರು ತೊಟ್ಟು ಕೂತೆವು. ಕೋಟಿನ ಕೊರಳು ನಾಲ್ವರ ಬೆವರು ಕುಡಿಯಿತು. ಕಾರ್ಡಿನಲ್ಲಿ ಹೆಸರು ಎಲ್ಲಿ ಬರೆಯುವುದು ಎಂದು ಛಾಪಖಾನೆಯವನು ಕೇಳಿದಾಗ ಅಧ್ಯಕ್ಷರು ದೂರದೃಷ್ಟಿಯಿಂದ ಹೇಳಿದರು:

“ಹೆಸರ ಬ್ಯಾಡ. ವರ್ಗಾ ಆದಾಗೊಮ್ಮೆ ಹೆಸರ ಬದಲಾಗತಾವ, ಮತ್ತ ಛಾಪಸಾಕ ಯಾರ ಕೊಡತಾರ? ‘ಡಿಪೋ ಮ್ಯಾನೇಜರ್’ ಅಂತ ಬರಿ, ಕೆಳಗ ಊರ ಹೆಸರ ಹಾಕು, ಸಾಕು.”

“ಮತ್ತ ಫೋಟೋ ರೀ?”

“ಫೋಟೋ ಇರಬೇಕಪಾ. ಆದೇಶದಾಗ ಐತಿ.”

ಈ ಮಾತಿನಲ್ಲಿ ಏನೋ ಎಡವಟ್ಟಿದೆ ಎಂದು ಈಗ ನಿಮಗೆ ಅನಿಸುತ್ತಿದೆ. ಅಂದು ಆ ಸ್ಟುಡಿಯೋದಲ್ಲಿದ್ದ ಒಬ್ಬರಿಗೂ ಅನಿಸಲಿಲ್ಲ. ಕಾರ್ಡು ಬಂತು, ಎದೆಗೇರಿತು, ಪದ್ಧತಿ ಹಾಗೇ ಮುಂದುವರಿಯಿತು. ಎರಡು ವರ್ಷಕ್ಕೆ ವರ್ಗಾವಣೆಗಳು ಶುರುವಾದವು. ಸವದತ್ತಿಯಲ್ಲಿ ಕೂತವನ ಮುಖ ಕಿತ್ತೂರಿನಲ್ಲಿ ಉಳಿಯಿತು. ನಾನು ರಾಮದುರ್ಗದಿಂದ ಬೈಲಹೊಂಗಲಕ್ಕೆ ಬಂದೆ. ನನ್ನ ಮುಖವನ್ನು ರಾಮದುರ್ಗದಲ್ಲಿ ಹೊಸದಾಗಿ ಮ್ಯಾನೇಜರಾಗಿ ಬಂದ ದಸ್ತಗೀರಸಾಬರಿಗೆ ಒಪ್ಪಿಸಿದೆ, ಬೈಲಹೊಂಗಲದಲ್ಲಿ ಬಸಲಿಂಗಪ್ಪನವರ ಮುಖವನ್ನು ವಹಿಸಿಕೊಂಡೆ. ಬಸಲಿಂಗಪ್ಪನವರು ಆಗಷ್ಟೇ ನಿವೃತ್ತರಾದವರು. ಫೋಟೋದಲ್ಲಿ ಕೋಟು ಅದೇ. ತಲೆ ಬೋಳು, ಮೀಸೆ ಮಾತ್ರ ಎರಡೂ ಕಿವಿಯ ಕ್ಷೇಮ ವಿಚಾರಿಸುವಷ್ಟು ಉದ್ದ. ನನ್ನದು ದಟ್ಟ ಕೂದಲು, ಬೋಳು ಮೂತಿ. ಆದರೂ ಆ ಕಾರ್ಡು ತೂಗುಹಾಕಿಕೊಂಡು ನಾನು ಲಾರಿ ಲಾರಿ ಗೊಬ್ಬರ ಇಳಿಸಿಕೊಂಡೆ. ನನ್ನನ್ನು ಬಲ್ಲವರಿಗೆ ಫೋಟೋ ಬೇಕಿರಲಿಲ್ಲ, ಅರಿಯದವರು ಡಿಪೋಕ್ಕೆ ಬರುತ್ತಿರಲಿಲ್ಲ.

ಇನ್ನು ತಂಗಿಯ ವಿಚಾರ. ನನ್ನ ಒಬ್ಬಳೇ ತಂಗಿ ಸುಶೀಲಾಳನ್ನು ಫೌಜಿಯೊಬ್ಬರಿಗೆ ಕೊಟ್ಟಿತ್ತು. ಅವಳು ದಿಲ್ಲಿಯ ದಂಡಿನ ಕ್ವಾರ್ಟರ್ಸಿನಲ್ಲಿದ್ದಳು. ಅವಳ ಸೀಮಂತಕ್ಕೆ ನಾನು ಹೋಗಲಿಲ್ಲ, ಚಾರ್ಜ್ ಕೊಡುವುದಿತ್ತು. ಮಗುವಿನ ಹೆಸರಿಡುವ ದಿನಕ್ಕೂ ಹೋಗಲಿಲ್ಲ, ಚಾರ್ಜ್ ತಗೊಳ್ಳುವುದಿತ್ತು. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷವಾದಾಗ ಮಗುವಿನ ಜವಳ ಬಂತು. ಮೊದಲ ಸಲ ಕೂದಲು ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂಡಬೇಕು, ಮೊದಲ ಕತ್ತರಿ ಸೋದರಮಾವನೇ ಆಡಿಸಬೇಕು. ನಮ್ಮಲ್ಲಿ ಇದಕ್ಕೆ ಬದಲಿಯಿಲ್ಲ. ಊರಿಗೇ ಬಂದು ಮಾಡುವುದೆಂದಿತ್ತು. ಅಷ್ಟರಲ್ಲಿ ಭಾವನವರ ರಜೆ ರದ್ದಾಯಿತು, ಮಂಗಳವಾರ ಅವರು ಗಡಿಗೆ ಹೊರಡಬೇಕು. ಜವಳ ಸೋಮವಾರ ದಿಲ್ಲಿಯಲ್ಲೇ ಎಂದು ತಂಗಿ ಡಿಪೋದ ಫೋನಿಗೆ ಮಾತಾಡಿದಳು. ಅದು ಗುರುವಾರ.

“ರೈಲಿನ್ಯಾಗ ಈಗ ಜಾಗಾ ಸಿಗೂದಿಲ್ಲಣ್ಣಾ. ಇವ್ರು ಅಗ್ಗದ ವಿಮಾನದ್ದು ಟಿಕೀಟ ತಗದಾರ, ಶನಿವಾರ ಹತ್ತಿ ಬಾ.”

“ವಿಮಾನಾ? ನಾನಾ?”

“ಎತ್ತಿನ ಗಾಡಿ ಇರಲಿಲ್ಲ, ಅದಕ್ಕ. ಹೌದು, ನಿನ್ನ ಫೋಟೋ ಇದ್ದ ಗುರ್ತಿನ ಕಾರ್ಡ ಇರಬೇಕಂತ. ಆಫೀಸಿಂದ ನಡೀತೈತಂತ.”

“ಅದೇನ ಎದಿಮ್ಯಾಲ ಐತಲ್ಲ.”

“ಬರತೀ ಹೌದಲ್ಲೋ? ಈ ಸಲ ಚಾರ್ಜ್ ಗೀರ್ಜ್ ಅಂದೀ ಅಂದ್ರ ನೋಡು, ಬಾಜೂ ಮನಿ ಪಂಜಾಬಿ ಸುಬೇದಾರ್‌ನ ಸೋದರಮಾವನ್ನ ಮಾಡತೇನಿ. ಆಮ್ಯಾಲ ನನಗ ಅಣ್ಣ ಅಂಬಾಂವ ಇದ್ದಾ ಅಂತ ನಾ ಯಾರ ಮುಂದೂ ಹೇಳೂದಿಲ್ಲ.”

ಹಾಗೆ ಹೇಳುವಾಗ ಅವಳ ದನಿ ಒಂದು ಕಡೆ ಒಡೆಯಿತು. ಅತ್ತೆಯ ಮನೆಯವರೆಲ್ಲ ಬಂದು ಕೂಡುವವರಿದ್ದರು. ಮೂರನೆಯ ಸಲವೂ ತವರಿನ ಜಾಗ ಖಾಲಿ ಬಿದ್ದರೆ ಅವಳು ಯಾವ ಮುಖ ಹೊತ್ತು ತಿರುಗಬೇಕು? ನಾನು ಬರುತ್ತೇನೆಂದು ಬಸಲಿಂಗಪ್ಪನವರ ಫೋಟೋ ಮುಟ್ಟಿ ಆಣೆ ಮಾಡಿದೆ. ಅದು ಬಸಲಿಂಗಪ್ಪನವರದೆಂಬುದು ಆಗಲೂ ತಲೆಗೆ ಹೊಳೆಯಲಿಲ್ಲ.

ಶನಿವಾರ ಮುಂಜಾನೆಯ ಬಸ್ಸು ಹಿಡಿದು ವಿಮಾನ ನಿಲ್ದಾಣ ಮುಟ್ಟಿದೆ. ಇಸ್ತ್ರಿ ಅಂಗಿ, ಅಂಗಿಯ ಮೇಲೆ ಕಾರ್ಡು, ಚೀಲದಲ್ಲಿ ಬುಂದಿ ಉಂಡಿ. ಫೌಜದಾರರು ಕಾರ್ಡು ಹಿಡಿದು ನೋಡಿದರು. ನನ್ನ ಕಡೆ ನೋಡಿದರು. ಕಾರ್ಡನ್ನು ಬೆಳಕಿಗೆ ತಿರುಗಿಸಿದರು.

“ಯಾರ್ರೀ ಇವ್ರು?”

“ಬಸಲಿಂಗಪ್ಪನವರ್ರೀ.”

“ನೀವ್ಯಾರು?”

“ಡಿಪೋ ಮ್ಯಾನೇಜರ್ರೀ. ಅಲ್ಲೇ ಬರದೈತಲ್ರೀ.”

“ಮತ್ತ ನಿಮ್ಮ ಫೋಟೋ?”

“ರಾಮದುರ್ಗದಾಗ ಐತ್ರಿ. ಅದು ದಸ್ತಗೀರಸಾಬ್ರ ಹತ್ರ ಚಾರ್ಜ್‌ದಾಗ ಹೋತು. ಇವ್ರ ಚಾರ್ಜ್ ನನಗ ಬಂತು.”

ನಾನು ಸ್ಪಷ್ಟವಾಗಿ, ತಾಳ್ಮೆಯಿಂದ, ತಿಳಿಯದವರಿಗೆ ತಿಳಿಸುವ ದನಿಯಲ್ಲಿ ಹೇಳಿದೆ. ಸರಕಾರಿ ನೌಕರಿಯಲ್ಲಿದ್ದವರಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ ಎಂದು ಒಳಗೊಳಗೇ ಸಿಟ್ಟೂ ಬಂತು.

“ಈ ಬಸಲಿಂಗಪ್ಪನವರು ಈಗ ಎಲ್ಲಿ ಅದಾರ?”

“ತೀರಿಕೊಂಡಾರ್ರೀ. ಹ್ವಾದ ವರ್ಷ.”

ಹಿಂದಿನವರ ಕೆಮ್ಮು ನಿಂತಿತು. ಫೌಜದಾರರು ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡರು.

“ಅಲ್ರೀ ಯಜಮಾನ್ರ, ಸತ್ತವ್ರ ಫೋಟೋ ತೋರಿಸಿ ವಿಮಾನ ಹತ್ತಾಕ ಬಂದೀರಿ. ಇದ್ರಾಗ ಹೆಸರಿಲ್ಲ, ಇದ್ದ ಮುಖಾ ನಿಮ್ದಲ್ಲ. ಇದ್ರಾಗ ನೀವ ಎಲ್ಲಿ ಅದೀರಿ, ಒಂದಿಷ್ಟ ನನಗ ತೋರಸ್ರಿ.”

ನಾನು ‘ಡಿಪೋ ಮ್ಯಾನೇಜರ್’ ಎಂಬ ಅಕ್ಷರದ ಮೇಲೆ ಬೆರಳಿಟ್ಟೆ. ಬೇರೆ ಜಾಗ ಇರಲಿಲ್ಲ.

ಮತದಾರರ ಕಾರ್ಡು ಕೇಳಿದರು. ಅದರ ಫೋಟೋ ತೆಗೆಯುವ ದಿನ ನಾನು ರಾಮದುರ್ಗದಲ್ಲಿದ್ದೆ, ಹೆಸರು ಬೈಲಹೊಂಗಲದಲ್ಲಿತ್ತು. ಗಾಡಿ ಹೊಡೆಯುವ ಲೈಸೆನ್ಸು ಕೇಳಿದರು. ಸೈಕಲ್ಲಿಗೆ ಕೊಡುವುದಿಲ್ಲ. ಅವರು ಕೆಟ್ಟವರಲ್ಲ. ನನ್ನ ಕಾಲು, ಕೈಯಲ್ಲಿನ ಚಪ್ಪಲಿ, ಉಂಡಿಯ ಚೀಲ ನೋಡಿ ನಿಟ್ಟುಸಿರು ಬಿಟ್ಟರು. ತಾವೇ ಕೌಂಟರಿನ ಹುಡುಗಿಗೆ ಹೇಳಿ ಟಿಕೆಟ್ಟನ್ನು ಮರುದಿನದ ವಿಮಾನಕ್ಕೆ ಬದಲಿಸಿಕೊಟ್ಟರು.

“ನಾಳೆ ಬರ್ರಿ. ಹೆಸರಿಗೆ ರೇಷನ್ ಕಾರ್ಡ್ ತರ್ರಿ. ಮುಖಕ್ಕ ಮುಖಾ ತರ್ರಿ. ಸಂಸ್ಥೆ ಶಿಕ್ಕಾ ಇರಬೇಕು. ಚಪ್ಪಲ್ ಮೆಟ್ಟಿಕೊಳ್ರಿ ಈಗ.”

ಹೊಸ ಕಾರ್ಡು ಮಾಡಿಸೋಣವೆಂದರೆ ಶಿಕ್ಕಾ, ಅಂದರೆ ಸಂಘದ ಮುದ್ರೆ, ಇದ್ದದ್ದು ಅಧ್ಯಕ್ಷರ ಕಪಾಟಿನಲ್ಲಿ. ಅಧ್ಯಕ್ಷರು ಮಗಳ ಊರಿಗೆ ಹೋಗಿದ್ದರು, ಕಪಾಟಿನ ಕೀಲಿ ಅವರ ಉಡಿದಾರದಲ್ಲಿತ್ತು. ಶಿಕ್ಕಾ ಬಿದ್ದ ನನ್ನ ಮುಖ ಈ ಭೂಮಂಡಲದಲ್ಲಿ ಒಂದೇ ಕಡೆ ಇತ್ತು. ಬೈಲಹೊಂಗಲಕ್ಕೆ ತಿರುಗಿ ಬಂದು ರೇಷನ್ ಕಾರ್ಡಿಗೆ ಮನೆ ಹೊಕ್ಕೆ. ಹೆಂಡತಿ ಗಿರಿಜಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

“ದಿಲ್ಲಿ ಇಷ್ಟ ಹತ್ರ ಆತ?”

ಹೇಳಿದೆ. ಅವಳು ಮೊರ ಕೆಳಗಿಟ್ಟಳು.

“ಮಂದಿ ಬಸ್ಸಿನ್ಯಾಗ ಛತ್ರಿ ಬಿಡತಾರ, ಕೈಚೀಲ ಬಿಡತಾರ. ಮುಖಾ ಬಿಟ್ಟು ಬಂದಾವ್ರು ನೀವೊಬ್ರ ನೋಡ್ರಿ. ಹೋಗ್ರಿ, ತಗೊಂಡ ಬರ್ರಿ. ಹಂಗ ಬಂದ್ರ ಸುಶೀಲಾನ ಫೋನು ನೀವ ಎತ್ತಬೇಕು, ನಾ ಎತ್ತೂದಿಲ್ಲ.”

ಸವದತ್ತಿ ದಾಟಿ ರಾಮದುರ್ಗಕ್ಕೆ ಹೋಗುವ ಆ ಬಸ್ಸಿನ ಬಗ್ಗೆ ನಾನು ಒಂದು ಪುರಾಣ ಬರೆಯಬಲ್ಲೆ. ಬರೆಯುವುದಿಲ್ಲ. ಅದು ಕೈ ಮಾಡಿದಲ್ಲಿ ನಿಲ್ಲುತ್ತಿತ್ತು, ಕೈ ಮಾಡದಲ್ಲಿಯೂ ನಿಲ್ಲುತ್ತಿತ್ತು. ತೊರಗಲ್ಲಿನ ಅಜ್ಜನೊಬ್ಬ ಪಕ್ಕದಲ್ಲಿ ಕೂತು ‘ಎಲ್ಲಿಗ್ರೀ?’ ಎಂದ. ಕೆಲಸವಿದೆ ಎಂದೆ. ‘ಏನ ಕೆಲಸ?’ ಎಂದ. ಒಂದು ಫೋಟೋ ತರುವುದಿದೆ ಎಂದೆ. ‘ಕನ್ಯಾದ್ದೇನು?’ ಎಂದು ನನ್ನ ನರೆತ ಕೂದಲು ನೋಡಿ, ‘ಇರಲಿ ಇರಲಿ, ಒಂದೊಂದ ಮನ್ಯಾಗ ಮದುವಿ ತಡಾ ಆಗತೈತಿ’ ಎಂದು ಸಮಾಧಾನ ಹೇಳಿದ.

ನಾನು ಡಿಪೋ ಮುಟ್ಟಿದಾಗ ದಸ್ತಗೀರಸಾಬರು ಬಾಗಿಲಿಗೆ ಬೀಗ ಹಾಕುವವರಿದ್ದರು. ಅವರ ಹೆಂಡತಿ ಮಕ್ಕಳು ಇದ್ದದ್ದು ಸಂಗೊಳ್ಳಿಯಲ್ಲಿ, ಬೈಲಹೊಂಗಲದ ಮಗ್ಗುಲಿನ ಊರು. ವಾರವೆಲ್ಲ ರಾಮದುರ್ಗದ ಒಂದು ಖೋಲಿಯಲ್ಲಿ ಕೈಯಾರೆ ರೊಟ್ಟಿ ಸುಟ್ಟುಕೊಂಡು ಶನಿವಾರ ಊರಿಗೆ ಓಡುವವರು. ಅವರ ಎದೆಯ ಮೇಲೆ ನಾನಿದ್ದೆ. ಕೋಟು ತೊಟ್ಟು, ಹಣೆಗೆ ವಿಭೂತಿ ಬಳಿದು, ಈಗಿನದಕ್ಕಿಂತ ಒಂದು ಮುಷ್ಟಿ ಹೆಚ್ಚು ಕೂದಲಿಟ್ಟುಕೊಂಡು.

“ಬರ್ರಿ ಅಣ್ಣಾರ! ನಾಕ ವರ್ಷಾತು, ನಿಮ್ಮ ಮುಖಾ ಎದಿಮ್ಯಾಲ ಹೊತ್ತು. ಒಂದ ದಿನಾ ಬ್ಯಾಸರ ಆಗಿಲ್ಲ ನೋಡ್ರಿ.”

“ಅದನ್ನ ಒಂದ ನಾಕ ದಿನಾ ಕೊಡ್ರಿ ಸಾಬ್ರ. ತಂಗಿ ಮಗನ ಜವಳ ಐತಿ.”

ನಡೆದದ್ದನ್ನೆಲ್ಲ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಾರ್ಡಿನ ಮೇಲೆ ಕೈ ಇಟ್ಟುಕೊಂಡರು.

“ಕೊಡಾಕ ನನಗೇನಿಲ್ರಿ. ಸೋಮವಾರ ಗೊಬ್ಬರದ ಲಾರಿ ಬರತೈತಿ. ಕಾರ್ಡ್ ಇಲ್ಲಂದ್ರ ಡ್ರೈವರ್ ಚೀಲ ಇಳಸೂದಿಲ್ಲ. ನಿಮ್ಮ ಮುಖಾ ನಿಮಗ ಕೊಟ್ರ ನಾ ಏನ ತೋರಿಸ್ಲಿ?”

“ಮತ್ತ?”

“ಚಾರ್ಜ್ ತಗೊಳ್ರಿ.”

“ಯಾವ ಚಾರ್ಜ್?”

“ರಾಮದುರ್ಗದ್ದು. ನೀವ ಇಲ್ಲಿದು ತಗೊಳ್ರಿ, ನಾ ನಿಮ್ಮ ಬೈಲಹೊಂಗಲದ್ದು ತಗೋತೇನಿ. ಮ್ಯಾನೇಜರ್ ಮ್ಯಾನೇಜರ್ ಒಪ್ಪಿ ಬದಲಾದ್ರ ಅಧ್ಯಕ್ಷರು ಹಿಂದಗಡೆ ಮಂಜೂರ ಮಾಡತಾರ. ಲಾರಿ ಬಂದ್ರ ಸವದತ್ತಿಯಾಂವ ತನ್ನ ಕಾರ್ಡ್ ತಗೊಂಡ ಬಂದ್ ಇಳಿಸಿಕೋತಾನ, ನಾ ಹೇಳತೇನಿ. ಬಂದ ಮ್ಯಾಲ ಬೇಕಾದ್ರ ಮತ್ತ ಬದಲಾಗೂಣು.”

ನಾನು ಅವರ ಮುಖ ನೋಡಿದೆ. ಅವರೂ ಕಣ್ಣು ತಪ್ಪಿಸಲಿಲ್ಲ.

“ಸಾಬ್ರ, ನಾಕ ದಿನಕ್ಕಂತ ತಗೊಂಡ ಚಾರ್ಜ್ ನಾಕ ದಿನಕ್ಕ ತಿರುಗಿ ಬಂದದ್ದು ನೀವು ಕಂಡೀರೇನ್ರಿ?”

“ಇಲ್ರಿ,” ಎಂದರು ದಸ್ತಗೀರಸಾಬರು. “ಸುಳ್ಳ ಯಾಕ ಹೇಳ್ಲಿ. ನನ್ನ ಮಗಳು ಬೈಲಹೊಂಗಲದ ಕಾಲೇಜಿಗೆ ಹೆಸರ ಹಚ್ಯಾಳ. ಮೂರ ಸಲ ಅರ್ಜಿ ಕೊಟ್ಟೇನಿ. ನೀವು ಅಲ್ಲಿಂದ ಏಳೂತನಕ ನನಗ ಆ ಕುರ್ಚಿ ಇಲ್ಲ. ನೀವು ಏಳಾಂವ್ರಲ್ಲ. ನಾ ನಿಮಗ ಒತ್ತಾಯ ಮಾಡೂದಿಲ್ಲ, ಚಾ ಕುಡೀರಿ, ವಿಚಾರ ಮಾಡ್ರಿ.”

ಚಹಾ ಬಂತು. ಬೈಲಹೊಂಗಲದಲ್ಲಿ ನನ್ನ ಸ್ವಂತ ಮನೆಯಿತ್ತು. ಮಧ್ಯಾಹ್ನ ಹೋಗಿ ಬಿಸಿ ಊಟ ಮಾಡಿ, ಅರ್ಧ ತಾಸು ಕಣ್ಣು ಮುಚ್ಚಿ ತಿರುಗಿ ಬರುವ ಅನುಕೂಲವಿತ್ತು. ಅದನ್ನು ಪಡೆಯಲು ನಾನು ಎಷ್ಟು ಅಧ್ಯಕ್ಷರ ಮಕ್ಕಳ ಮದುವೆಯಲ್ಲಿ ಬಡಿಸಿದ್ದೇನೆಂಬುದು ನನಗೊಬ್ಬನಿಗೇ ಗೊತ್ತು. ರಾಮದುರ್ಗದ ಬಿಸಿಲು ನನಗೆ ಹೊಸದಲ್ಲ. ಅಲ್ಲಿ ಆಕಳು ಕೂಡ ನೆರಳು ಬಾಡಿಗೆಗೆ ಹಿಡಿಯುತ್ತದೆ. ಇದೆಲ್ಲ ಬಿಟ್ಟುಕೊಡಬೇಕಾದದ್ದು ಯಾತಕ್ಕೆ? ಅಂಗೈ ಅಗಲದ ಕಾಗದದ ಮೇಲಿನ ನನ್ನದೇ ಮೂತಿಗೆ! ಜಗತ್ತಿನಲ್ಲಿ ಬೇರೆ ಯಾರಾದರೂ ತಮ್ಮ ಮುಖಕ್ಕೆ ಇಷ್ಟು ಕ್ರಯ ಕೊಟ್ಟಿದ್ದರೆ ತಿಳಿಸಿ. ಎರಡನೆಯ ಗುಟುಕಿಗೆ ಸುಶೀಲಾಳ ಒಡೆದ ದನಿ ನೆನಪಾಯಿತು. ಮೂರನೆಯ ಗುಟುಕಿಗೆ ಪಂಜಾಬಿ ಸುಬೇದಾರ ಕತ್ತರಿ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. ಚಹಾದ ಬಸಿ ಕೆಳಗಿಟ್ಟೆ.

“ಬೀಗದ ಕೈ ಕೊಡ್ರಿ,” ಎಂದೆ.

ಅಲ್ಲೇ ನಿಂತು ಚಾರ್ಜ್ ಆಯಿತು. ತೂಕದ ಕಲ್ಲು, ತಗಡಿನ ಬುಟ್ಟಿ, ಹಿಂದೆ ನಾನೇ ಮುರಿದಿದ್ದ ಕುರ್ಚಿ, ಕೊನೆಗೆ ನನ್ನ ಮುಖ. ನಾನು ಬಸಲಿಂಗಪ್ಪನವರನ್ನು ಬಿಚ್ಚಿ ಅವರಿಗೆ ಕೊಟ್ಟೆ. ದಸ್ತಗೀರಸಾಬರು ಆ ಮೀಸೆಯನ್ನು ಒಂದು ಕ್ಷಣ ನೋಡಿದರು.

“ಇವ್ರು ಸಿಟ್ಟಿನವರಿದ್ದರೇನ್ರಿ?”

“ಇದ್ರು. ಈಗಿಲ್ಲ.”

ಒಂದೇ ಬಸ್ಸಿನಲ್ಲಿ ಇಬ್ಬರೂ ಬೈಲಹೊಂಗಲದ ಕಡೆ ಬಂದೆವು. ಅವರು ದಾರಿಯುದ್ದಕ್ಕೂ ನನಗೆ ಶೇಂಗಾ ಸುಲಿದುಕೊಟ್ಟರು. ಮನೆಯಲ್ಲಿ ಗಿರಿಜಾ ಎಲ್ಲ ಕೇಳಿ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಸಪ್ಪಳ ಮಾಡಿ ಇಟ್ಟಳು. ನಮ್ಮ ಸಂಸಾರದಲ್ಲಿ ಅದು ಬೈಗುಳಕ್ಕಿಂತ ದೊಡ್ಡದು. ಕೊನೆಗೆ, “ಅಲ್ಲಿ ರೊಟ್ಟಿ ಯಾರ ಬಡೀತಾರ?” ಎಂದಷ್ಟೇ ಕೇಳಿ, ಉಂಡಿಯ ಚೀಲಕ್ಕೆ ಇನ್ನೊಂದು ಡಬ್ಬಿ ಸೇರಿಸಿದಳು.

ಭಾನುವಾರ ಅದೇ ಬಾಗಿಲು, ಅದೇ ಫೌಜದಾರರು. ಈ ಸಲ ಚಪ್ಪಲಿ ಕಾಲಲ್ಲಿತ್ತು. ಅವರು ಒಂದು ಕೈಯಲ್ಲಿ ರೇಷನ್ ಕಾರ್ಡು, ಒಂದು ಕೈಯಲ್ಲಿ ಮುಖ ಹಿಡಿದು ಟಿಕೆಟ್ಟಿನ ಜತೆ ಹೊಂದಿಸಿ ನೋಡಿದರು.

“ಹಾಂ, ಇದು ನೀವ. ಆದ್ರ ಇದ್ರಾಗ ರಾಮದುರ್ಗ ಅಂತೈತಿ. ನಿನ್ನೆ ಬೈಲಹೊಂಗಲ ಅಂದಿದ್ರಿ?”

“ನಿನ್ನೆ ಸಂಜಿಗೆ ವರ್ಗಾ ಆತ್ರಿ.”

“ಇದಕ್ಕಽ?”

“ಇದಕ್ಕ ರೀ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾರ್ಡು ತಿರುಗಿ ಕೊಡುತ್ತ, “ನಿಂತ ಕಾಲಮ್ಯಾಲ ವರ್ಗಾ ಆಗೂದು ನಮ್ಮ ಇಲಾಖೆದಾಗ ಅಷ್ಟ ಅಂತ ತಿಳಿದಿದ್ದೆ,” ಎಂದರು. “ಹೋಗ್ರಿ, ಮುಂದ ಹೋಗ್ರಿ.”

ವಿಮಾನದ ವರ್ಣನೆ ನನ್ನಿಂದಾಗದು, ಕಣ್ಣು ಮುಚ್ಚಿಕೊಂಡಿದ್ದೆ. ಸೋಮವಾರ ಜವಳ ನಡೆಯಿತು. ಮಗು ನನ್ನ ತೊಡೆಯ ಮೇಲೆ ಕೂತು, ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಮುಗಿಲು ಹರಿಯುವಂತೆ ಚೀರಿ, ಪಂಜಾಬಿ ಸುಬೇದಾರನ ಕಡೆ ಕೈ ಚಾಚಿತು. ನಾನು ಬಿಡಲಿಲ್ಲ. ನಾನು ಕೊಟ್ಟ ಕ್ರಯ ಅದಕ್ಕೇನು ಗೊತ್ತು! ಮೊದಲ ಕೂದಲು ನಾನೇ ಕತ್ತರಿಸಿದೆ. ಅತ್ತೆಯ ಮನೆಯ ಹೆಂಗಸರ ನಡುವೆ ನಿಂತಿದ್ದ ಸುಶೀಲಾ, “ನಮ್ಮಣ್ಣ ರೀ, ಊರಿಂದ ವಿಮಾನದಾಗ ಬಂದಾನ,” ಎಂದು ಕೇಳದವರಿಗೂ ಹೇಳಿದಳು. ಆಮೇಲೆ ಊಟಕ್ಕೆ ಕೂತಾಗ ನನ್ನ ತಾಟಿಗೆ ಬೇಡವೆಂದರೂ ಹೋಳಿಗೆ ಹಾಕಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಬುಧವಾರ ಬೈಲಹೊಂಗಲಕ್ಕೆ ಬಂದೆ. ದಸ್ತಗೀರಸಾಬರು ಕುರ್ಚಿಗೆ ಹೊಸ ದಿಂಬು ಹಾಕಿಸಿಕೊಂಡಿದ್ದರು. ಅಧ್ಯಕ್ಷರು ನಮ್ಮ ಬದಲಾವಣೆಯನ್ನು ಮಂಜೂರು ಮಾಡಿದ್ದರು. ನಾನು ಮುಂದಿನ ಆರು ವರ್ಷ ರಾಮದುರ್ಗದಲ್ಲಿ ಕೆಲಸ ಮಾಡಿ ಅಲ್ಲಿಂದಲೇ ನಿವೃತ್ತನಾದೆ.